ಎರಡು ಗುಂಪು, ಒಬ್ಬನೇ ಸೂತ್ರಧಾರ

2016ರ ಮೇ 21ರಂದು ಅಮೆರಿಕದ ಹೂಸ್ಟನ್‌ನಲ್ಲಿ ಒಂದು ಇಸ್ಲಾಮಿಕ್ ಕೇಂದ್ರದ ಬಳಿ ಎರಡು ಗುಂಪುಗಳು ರಸ್ತೆಯ ಆಚೆ ಈಚೆ ನಿಂತು ಒಬ್ಬರ ಮೇಲೊಬ್ಬರು ಕೂಗಾಡಿದವು. ಟೆಕ್ಸಾಸ್ ಇಸ್ಲಾಂಮಯವಾಗುವುದನ್ನು ತಡೆಯೋಣ ಎಂದು ಒಂದು ಫೇಸ್‌ಬುಕ್ ಪುಟ ಕರೆ ಕೊಟ್ಟಿತ್ತು. ಇಸ್ಲಾಮಿನ ಜ್ಞಾನವನ್ನು ಉಳಿಸೋಣ ಎಂದು ಇನ್ನೊಂದು ಪುಟ. ಎರಡನ್ನೂ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ 'ಇಂಟರ್ನೆಟ್ ರಿಸರ್ಚ್ ಏಜೆನ್ಸಿ'. ಇದಕ್ಕೆ ತಗುಲಿದ ಜಾಹೀರಾತು ಖರ್ಚು ಸುಮಾರು 200 ಡಾಲರ್ ಎಂಬುದು ಸೆನೆಟ್‌ನ ಗುಪ್ತಚರ ಸಮಿತಿಯ ವಿಚಾರಣೆಯಲ್ಲಿ ಹೊರಬಿತ್ತು. ಕರೆ ನಕಲಿ, ಬಂದವರ ಸಿಟ್ಟು ಮಾತ್ರ ಅಸಲಿ. ನನ್ನನ್ನು ಕಾಡುವುದು ಅದೇ.

ಇಂಥ ಸಿಟ್ಟಿಗೆ ಹಾದಿ ಮಾಡಿಕೊಡುವ ಯಂತ್ರವೂ ಇತ್ತು. 2017ರಿಂದ ಫೇಸ್‌ಬುಕ್, ಕೋಪದ ಇಮೋಜಿಯೂ ಸೇರಿದಂತೆ ಎಲ್ಲ ಇಮೋಜಿಗಳಿಗೆ 'ಲೈಕ್'ನ ಐದು ಪಟ್ಟು ತೂಕ ಕೊಡುತ್ತಿತ್ತು. ಕೋಪದ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಇಂಥ ನಕಲಿ ಕರೆಗಳಿಂದ ಯಾರ ಮತವೂ ಬದಲಾಗಲಿಲ್ಲವಲ್ಲ ಎನ್ನುವವರ ಕೈಯಲ್ಲಿ ಗಟ್ಟಿ ಆಧಾರವೇ ಇದೆ. ಟ್ವಿಟರ್‌ನಲ್ಲಿ ರಷ್ಯಾದ ಇದೇ ಏಜೆನ್ಸಿಯ ಖಾತೆಗಳ ಪೋಸ್ಟ್‌ಗಳನ್ನು ಕಂಡವರ ನಿಲುವು ಬದಲಾದುದಕ್ಕೆ ಪುರಾವೆ ಸಿಗಲಿಲ್ಲ ಎಂದು 2023ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪ್ರಕಟಿಸಿದ ಅಧ್ಯಯನ ಹೇಳಿತು. ಒಪ್ಪುತ್ತೇನೆ. ಆದರೆ ಹಾನಿಯನ್ನು ಮತಪೆಟ್ಟಿಗೆಯಲ್ಲಷ್ಟೇ ಹುಡುಕುವುದು ಸಾಲದು. ಅದೇ ವರ್ಷ 'ನೇಚರ್ ಹ್ಯೂಮನ್ ಬಿಹೇವಿಯರ್'ನಲ್ಲಿ ಬಂದ ಇನ್ನೊಂದು ಸಂಶೋಧನೆ, ರಾಜಕೀಯ ಟ್ವೀಟ್ ಬರೆದವರನ್ನೇ 'ಆಗ ನಿಮಗೆಷ್ಟು ಸಿಟ್ಟಿತ್ತು' ಎಂದು ಕೇಳಿತು. ಓದಿದವರ ಅಂದಾಜು ಬರೆದವರ ಉತ್ತರಕ್ಕಿಂತ ಹೆಚ್ಚಿತ್ತು. ಬರೆದವರ ನಿಜವಾದ ಸಿಟ್ಟನ್ನೇ ನಾವು ಹೀಗೆ ಹಿಗ್ಗಿಸಿ ಓದುವಾಗ, ಹಿಗ್ಗಿಸಲೆಂದೇ ಬರೆಸಿದ್ದು ಏನು ಮಾಡೀತು? ನಮ್ಮ ಪಕ್ಷ ಬದಲಾಗದಿರಬಹುದು, ಎದುರಿನವರ ಬಗೆಗಿನ ಎಣಿಕೆ ಬದಲಾಗುತ್ತದೆ. ಅವರ ಜೊತೆ ಕೂತು ಮಾತಾಡಬಹುದೇ, ಅವರು ಗೆದ್ದರೆ ಬದುಕಬಹುದೇ ಎಂಬ ತೀರ್ಮಾನಗಳೆಲ್ಲ ನಿಂತಿರುವುದು ಆ ಎಣಿಕೆಯ ಮೇಲೆ. ರಾಜಕೀಯ ಅಭಿಪ್ರಾಯದ ಬುಡವೇ ಅದು.

ಸಿಟ್ಟು ದನಿಯಿಲ್ಲದವರ ಅಸ್ತ್ರ, ಅದನ್ನು ಅನುಮಾನಿಸಿದರೆ ಲಾಭ ಅಧಿಕಾರಸ್ಥರಿಗಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನೊಂದವರ ಸಿಟ್ಟಿಗೆ ಬೇಡಿಕೆ ಇರುತ್ತದೆ: ಆದೇಶ ಹಿಂಪಡೆಯಿರಿ, ತಪ್ಪಿತಸ್ಥರನ್ನು ವಿಚಾರಿಸಿ, ಪರಿಹಾರ ಕೊಡಿ. ಈಡೇರಿದರೆ ಅದು ತಣಿಯುತ್ತದೆ. ಕೂಲಿಗೆ ತಯಾರಾದ ಸಿಟ್ಟಿಗೆ ತಣಿಯುವ ಉದ್ದೇಶವೇ ಇಲ್ಲ. ಆದ್ದರಿಂದ ಸಿಟ್ಟನ್ನು ಹತ್ತಿಕ್ಕುವ ಕಾನೂನನ್ನು ನಾನು ಕೇಳುವುದಿಲ್ಲ. ಅಂಥ ಕಾನೂನಿನ ಮೊದಲ ಪೆಟ್ಟು ಬೀಳುವುದು ನೊಂದವರ ಮೇಲೆಯೇ. ಬದಲಿಗೆ, ಪುಟದ ಹಿಂದೆ ಯಾರಿದ್ದಾರೆ, ದುಡ್ಡು ಯಾರದು ಎಂಬುದು ಬಯಲಾಗಬೇಕು. ಪುಟಗಳ ನಿರ್ವಾಹಕರು ಯಾವ ದೇಶದಲ್ಲಿದ್ದಾರೆಂದು ತೋರಿಸುವ ವ್ಯವಸ್ಥೆಯನ್ನು ಫೇಸ್‌ಬುಕ್ 2018ರಲ್ಲಿ ತಂದಿದೆ, ಆದರೆ ಹೆಚ್ಚಾಗಿ ಹುಡುಕಿಕೊಂಡು ಹೋದವರಿಗೇ ಅದು ಕಾಣುತ್ತದೆ. ಸಿಟ್ಟೆಬ್ಬಿಸುವ ಪೋಸ್ಟ್‌ನ ಪಕ್ಕದಲ್ಲೇ, ಅದನ್ನು ಹಂಚುವ ಮೊದಲೇ ಆ ಮಾಹಿತಿ ಕಾಣಬೇಕು.