ನೈರ್ಮಲ್ಯದ ಒರೆಗಲ್ಲು

1898ರಲ್ಲಿ ಪ್ಲೇಗು ಮಹಾಮಾರಿಯು ಬೆಂಗಳೂರಿನ ಪೇಟೆಯನ್ನೂ ದಂಡು ಪ್ರದೇಶವನ್ನೂ ನಡುಗಿಸಿತು. ಇಕ್ಕಟ್ಟಾದ ಕೇರಿಗಳ ಜನಸಂದಣಿಯನ್ನು ತಗ್ಗಿಸಲು ದಂಡಿನಲ್ಲಿ ಫ್ರೇಜರ್ ಟೌನ್ ಬಡಾವಣೆಯು 1906ರಲ್ಲಿ ಆರಂಭವಾಯಿತು. ನೇರವಾದ ಬೀದಿಗಳು, ಗಾಳಿ ಬೆಳಕುಗಳುಳ್ಳ ಮನೆಗಳು ಅಂದಿನ ನೈರ್ಮಲ್ಯ ವಿಜ್ಞಾನದ ಕೊಡುಗೆಗಳು. ಆದರೆ ಆ ಕಾಲದ ನಗರದಲ್ಲಿ ಮನೆಗಳ ಹಿಂದೆ ಕಿರಿದಾದ ಗಲ್ಲಿಗಳೂ ಇದ್ದವು. ಆ ಗಲ್ಲಿಗಳಲ್ಲಿ ಬಂದು ಕಕ್ಕಸುಗಳ ಮಲವನ್ನು ಬಳಿದು ಹೊತ್ತೊಯ್ಯುವವರಿದ್ದರು. ಊರಿನ ಶುಚಿತ್ವವು ನಿಂತಿದ್ದುದು ಅವರ ತಲೆಯ ಮೇಲೆ; ಊರು ಅವರಿಗೆ ಮರಳಿ ಕೊಟ್ಟುದು ತಿರಸ್ಕಾರ.

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಸಂಸತ್ತು 1993ರಲ್ಲಿಯೂ 2013ರಲ್ಲಿಯೂ ಕಾನೂನುಗಳನ್ನು ಮಾಡಿತು. ಆದರೂ ಒಳಚರಂಡಿಗಿಳಿದು ವಿಷಾನಿಲಕ್ಕೆ ಬಲಿಯಾದವರ ಸುದ್ದಿಯನ್ನು ನಾವು ಇಂದಿಗೂ ಓದುತ್ತೇವೆ. ಕಾನೂನಿಗೆ ಉಪಕರಣದ ಆಸರೆಯೂ ಬೇಕೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

ಉಪಾಯಗಳಿಲ್ಲವೆಂದಲ್ಲ. ಎರಡು ಗುಂಡಿಗಳ ಶೌಚಾಲಯದಲ್ಲಿ ಒಂದು ಗುಂಡಿ ತುಂಬಿದಾಗ ಇನ್ನೊಂದನ್ನು ಬಳಸುತ್ತಾರೆ. ಮುಚ್ಚಿಟ್ಟ ಗುಂಡಿಯ ಮಲವು ಸುಮಾರು ಎರಡು ವರ್ಷಗಳಲ್ಲಿ ಗೊಬ್ಬರವಾಗುತ್ತದೆ. ನಗರದ ಒಳಚರಂಡಿಗಳಿಗೆ ಹೂಳನ್ನು ಹೀರುವ, ನೀರಿನ ರಭಸದಿಂದ ಕಟ್ಟಿಕೊಂಡದ್ದನ್ನು ಬಿಡಿಸುವ ಯಂತ್ರಗಳಿವೆ.

ಯಂತ್ರ ಬಂದರೆ ಬಡವರ ಅನ್ನ ಹೋಗುವುದೆಂದು ಹೇಳುವವರುಂಟು. ಯಂತ್ರವನ್ನು ನಡೆಸುವ ವಿದ್ಯೆಯನ್ನು ಆ ಬಡವರಿಗೇ ಕಲಿಸೋಣ. ಅನ್ನವೂ ಉಳಿಯುವುದು, ಮಾನವೂ ಉಳಿಯುವುದು. ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಬಗೆಯ ಶೌಚಾಲಯವನ್ನು ಕಂಡುಹಿಡಿದರೂ, ವಿದ್ಯಾರ್ಥಿಗಳೇ, ನೀವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಶುಚಿಗೊಳಿಸುವವರು ಯಾರು, ಹೇಗೆ?