ಅರ್ಧ ಕೆಜಿ ರಿವಾಲ್ವರ್ ಯಾರ ಚೀಲಕ್ಕೆ?



ಯಾವ ರಿವಾಲ್ವರ್ ಹಗುರ, ಯಾವುದು ಕಾಣದಂಗೆ ಇಟ್ಕೊಳ್ಳಬಹುದು ಅಂತ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಚರ್ಚೆ ಮಾಡ್ತೀರಂತೆ. ಕೇಳಿ. ದೆಹಲಿಯ 2012ರ ಅತ್ಯಾಚಾರದ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ 'ನಿರ್ಭೀಕ್' ಹೊರತಂತು. ಅರ್ಧ ಕೆಜಿ ತೂಕ, ಆರು ಗುಂಡು, ವ್ಯಾನಿಟಿ ಬ್ಯಾಗಿನಲ್ಲಿ ಅಡಗಿ ಕೂರುತ್ತೆ. ಕೊಟ್ಟಿದ್ದು ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ! ಆಗಿನ ಬೆಲೆ 1 ಲಕ್ಷ 22 ಸಾವಿರದ ಮೇಲಿತ್ತು.

ಕಳೆ ಕೀಳುವ ನನ್ನವ್ವನಿಗೆ ಬ್ಯಾಗೆಲ್ಲಿ? ಮಡಿಲಲ್ಲಿರೋದು ಎಲಡಿಕೆ ಚೀಲ. ಲೈಸೆನ್ಸಿಗೆ ಅರ್ಜಿ ಹಿಡಿದು ಹೋದರೆ ಡಿ.ಸಿ. ಕಚೇರಿಯ ಜವಾನನೇ ನಗ್ತಾನೆ.

ನಗುವ ಮಾತಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೆಯದನ್ನು ಓದಿ. ದೌರ್ಜನ್ಯದ ಭಯವಿರುವ ಕಡೆ, ಅಗತ್ಯ ಕಂಡರೆ, ರಾಜ್ಯ ಸರ್ಕಾರ ನಮಗೆ ಬಂದೂಕಿನ ಲೈಸೆನ್ಸ್ ಕೊಡಬಹುದು. ಅದಕ್ಕೂ ಮುಂಚಿನ ಸಾಲು ಇನ್ನೂ ಖಾರ: ಪರಿಶಿಷ್ಟರಲ್ಲದವರ ಲೈಸೆನ್ಸ್ ರದ್ದು ಮಾಡಿ, ಅವರ ಬಂದೂಕನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬಹುದು.

2000ದಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಮಂದಿಯನ್ನು ಜೀವಂತ ಸುಟ್ಟರು. ಆ ಗುಂಪಿನೆದುರು ಆರು ಗುಂಡು ಏನು ಮಾಡ್ತಿತ್ತು?

ಕ್ಯಾಟಲಾಗು ಮಡಚಿ. ಆ ಎರಡನೇ ಸಾಲು ಬರಕೊಂಡು ಡಿ.ಸಿ. ಕಚೇರಿಗೆ ಹೋಗೋಣ. ಸಾಹುಕಾರನ ಅಟ್ಟದ ಜೋಡು ನಳಿಗೆ ಮೊದಲು ಕೆಳಗಿಳೀಲಿ.