ಒಡಹುಟ್ಟದ ಅಣ್ಣತಮ್ಮಂದಿರು



ನಾನು ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಕ್ಲೀನರನಾಗಿ ಸೇರಿದ ದಿನ ತನ್ನ ಚಾಪೆಯಲ್ಲಿ ಅರ್ಧವನ್ನು ನನಗೆ ಬಿಟ್ಟುಕೊಟ್ಟವನು ಅಡುಗೆಮನೆಯ ಒಬ್ಬ ಗೆಳೆಯ. ಮುಂದೆ ಅವನ ಎರಡೂ ಮೂತ್ರಪಿಂಡಗಳು ಕೆಟ್ಟವು. ತಾಯಿಗೆ ಸಕ್ಕರೆ ಕಾಯಿಲೆ; ತಮ್ಮನ ರಕ್ತದ ಗುಂಪು ಹೊಂದಲಿಲ್ಲ. ಹನ್ನೆರಡು ವರ್ಷ ಅದೇ ಖೋಲಿಯಲ್ಲಿ ಅವನೊಡನೆ ಉಂಡು ಮಲಗಿದ ಇನ್ನೊಬ್ಬ, "ನನ್ನದೊಂದು ಕಿಡ್ನಿ ಕೊಡುತ್ತೇನೆ" ಎಂದು ಮುಂದೆ ಬಂದ. "ಸಂಬಂಧಿಕರಲ್ಲದವರು ಕೊಡುವಂತಿಲ್ಲ" ಎಂದು ಆಸ್ಪತ್ರೆಯ ಗುಮಾಸ್ತರು ಹಿಂದಕ್ಕೆ ಕಳುಹಿಸಿದರು. ನಾವೂ ನಂಬಿ ಹಿಂದಿರುಗಿದೆವು. ಎಂಟು ತಿಂಗಳಲ್ಲಿ ಗೆಳೆಯ ತೀರಿಕೊಂಡ. ಗುಮಾಸ್ತರ ಮಾತು ತಪ್ಪೆಂದು ನಮಗೆ ತಿಳಿದದ್ದು ಆಮೇಲೆ.

1994ರ ಅಂಗಾಂಗ ಕಸಿ ಕಾಯಿದೆ ಮಹಾರಾಷ್ಟ್ರದಲ್ಲಿ 1995ರ ಫೆಬ್ರುವರಿಯಿಂದಲೇ ಜಾರಿಯಲ್ಲಿದೆ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಆದರೆ ಪ್ರೀತಿ ವಿಶ್ವಾಸದಿಂದ ಅನ್ಯನೂ ಕೊಡಬಹುದೆಂದು ಅದೇ ಕಾಯಿದೆಯ 9ನೆಯ ಕಲಮು ಹೇಳುತ್ತದೆ. ಅದಕ್ಕೆ ಅಧಿಕೃತ ಸಮಿತಿಯ ಮುಂಗಡ ಒಪ್ಪಿಗೆ ಬೇಕು, ಅಷ್ಟೆ.

ಸಮಿತಿ ಏನು ಕೇಳುತ್ತದೆ? ಹಣದ ಮಾತುಕತೆ ನಡೆದಿದೆಯೇ, ನಡುವೆ ದಲಾಲಿ ಇದ್ದಾನೆಯೇ, ಕೊಡುವ ಮನಸ್ಸು ಏಕೆ ಬಂತು? ಇಬ್ಬರ ನಂಟಿಗೆ ದಾಖಲೆ, ಹಳೆಯ ಫೋಟೋ, ಮೂರು ವರ್ಷದ ವರಮಾನದ ಲೆಕ್ಕ ನೋಡುತ್ತದೆ. ಕೊಡುವವನ ಮನೆಯವರನ್ನೂ ವಿಚಾರಿಸುತ್ತದೆ. ಇದೆಲ್ಲ ಬೇಕಾದದ್ದೇ. ಆದರೆ ಎಂಜಲು ತಟ್ಟೆ ಎತ್ತುವವನ ಬಳಿ ಫೋಟೋ ಎಲ್ಲಿ? ಸಂಬಳದ ಚೀಟಿ ಎಲ್ಲಿ? ರೇಷನ್ ಕಾರ್ಡು ಉಡುಪಿಯ ಹಳ್ಳಿಯಲ್ಲಿ, ಮೈ ಥಾಣೆಯ ಅಟ್ಟದ ಮೇಲೆ!

ಈ ಬಾಗಿಲನ್ನೇ ಮುಚ್ಚಿಬಿಡಲಿ, ಬಡವನ ಕಿಡ್ನಿ ಮಾರಾಟವಾಗುವುದು ತಪ್ಪುತ್ತದೆ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ 2016ರಲ್ಲಿ ಪೊವಾಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಯಲಾದ ಪ್ರಕರಣ ನೆನೆಯಿರಿ. ಅಲ್ಲಿ ಹೊರಗಿನ ಹೆಂಗಸೊಬ್ಬಳನ್ನು ರೋಗಿಯ ಹೆಂಡತಿ ಎಂದು ಸುಳ್ಳು ಕಾಗದ ಮಾಡಿ ತೋರಿಸಿದ್ದರು. ಮೋಸ ಬಂದದ್ದು ಸಂಬಂಧಿಕರ ಬಾಗಿಲಿನಿಂದಲೇ. ಬಾಗಿಲು ಮುಚ್ಚಿದರೆ ಕಳ್ಳನು ಬೇರೆ ದಾರಿ ಹುಡುಕುತ್ತಾನೆ. ಹೊರಗೆ ನಿಲ್ಲುವವನು ಪ್ರಾಮಾಣಿಕನೇ.

ಪ್ರೀತಿಯಿಂದ ಕೊಟ್ಟವರು ಇಲ್ಲದಿಲ್ಲ. ಕೇರಳದಲ್ಲಿ 2009ರಲ್ಲಿ ಪಾದ್ರಿ ಡೇವಿಸ್ ಚಿರಮೇಲ್ ಸಂಬಂಧವೇ ಇಲ್ಲದ ಒಬ್ಬ ಹಿಂದೂ ಬಂಧುವಿಗೆ ಮೂತ್ರಪಿಂಡ ಕೊಟ್ಟರು. 2011ರಲ್ಲಿ ವಿ-ಗಾರ್ಡ್ ಕಂಪನಿಯ ಒಡೆಯ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿಯವರು ಒಬ್ಬ ಲಾರಿ ಚಾಲಕನಿಗೆ ಕೊಟ್ಟರು. ಧಣಿಯ ಅಂಗ ದುಡಿಯುವವನ ಮೈಗೆ ಹೋಯಿತು!

ಇದನ್ನು ತಿರುಗಿಸಿ ನೋಡಿ. ಗಲ್ಲೆಯ ಮೇಲೆ ಕುಳಿತ ಸೇಠರಿಗೆ ಕಿಡ್ನಿ ಬೇಕಾಗಿ, ತಟ್ಟೆ ತೊಳೆಯುವವನು "ಪ್ರೀತಿಯಿಂದ" ಒಪ್ಪಿದರೆ? ಇಲ್ಲವೆನ್ನಲು ಆಗದವನ ಹೌದು, ಹೌದಲ್ಲ. ಕೆಲಸದಾಳು ಯಜಮಾನನಿಗೆ ಕೊಡುವುದನ್ನು ಸಮಿತಿಗಳು ಒಪ್ಪಬಾರದೆಂಬುದೇ ನನ್ನ ಖಚಿತ ಅಭಿಪ್ರಾಯ. ಸರಿಸಮಾನರ ಸ್ನೇಹಕ್ಕೆ ಮಾತ್ರ ತಡೆ ಬೇಡ.

ಇನ್ನೆರಡು ಮಾತು ನೆನಪಿಡಿ. ಅಂಗಕ್ಕೆ ಹಣ ಕೊಟ್ಟವನಿಗೂ ಪಡೆದವನಿಗೂ 5ರಿಂದ 10 ವರ್ಷ ಸೆರೆ, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಆದರೆ ದಾನಿಗೆ ತಗಲಿದ ಖರ್ಚನ್ನೂ ಕೆಲಸ ತಪ್ಪಿ ಕಳೆದುಕೊಂಡ ಸಂಬಳವನ್ನೂ ಭರಿಸುವುದು ಕಾಯಿದೆಯ ಲೆಕ್ಕದಲ್ಲಿ ಬೆಲೆಯಲ್ಲ. ಇದನ್ನು ತಿಳಿಯದೆ ಎಷ್ಟು ಮಂದಿ ಹಿಂಜರಿದರೋ!

ನಮ್ಮ ಸಂಘ ಈಗಲೇ ಮೂರು ಕೆಲಸ ಮಾಡಲಿ. ಯಾರು ಯಾರೊಡನೆ ಎಷ್ಟು ವರ್ಷ ದುಡಿದರು, ಯಾವ ಖೋಲಿಯಲ್ಲಿದ್ದರು ಎಂಬುದನ್ನು ಸದಸ್ಯರ ಪುಸ್ತಕದಲ್ಲಿ ಬರೆದಿಡಲಿ. ಸಮಿತಿಯ ಮುಂದೆ ಹೋಗುವವರ ಜೊತೆಗೆ ಕಾಗದ ತಿಳಿದ ಒಬ್ಬರನ್ನು ಕಳುಹಿಸಲಿ. ದಾನಿಗೆ ಸಂಬಳಸಹಿತ ರಜೆಯನ್ನು ಮಾಲೀಕರಿಂದ ಕೇಳಲಿ.

ಊರು ಬಿಟ್ಟು ಬಂದವನಿಗೆ ಪಕ್ಕದ ಚಾಪೆಯವನೇ ಅಣ್ಣ, ಅವನೇ ತಮ್ಮ. ಇದನ್ನು ನಾವು ಬಲ್ಲೆವು. ಸರಕಾರ ಒಪ್ಪುವಂತೆ ಬರೆದಿಡುವುದೊಂದೇ ಬಾಕಿ. ನಮ್ಮ ಗೆಳೆಯನ ಸಾವು ನಮಗೆ ಅಷ್ಟನ್ನಾದರೂ ಕಲಿಸಲಿ.